ಷಡ್ಡಕನ ಗಾಡಿಯ ಕೂಲರ್

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ನನಗೆ ಯಾವ ಕೇಡನ್ನೂ ಮಾಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದನ್ನು ಓದಿದವರಿಗೆ ಹಾಗೆ ಅನ್ನಿಸಲಾರದು. ಅವನು ಮಾಡಿದ್ದು ಇಷ್ಟೇ: ನಾನು ಕೊಂಡ ಟರ್ಬೊ ಕಾರನ್ನೇ ನನ್ನ ನಂತರ ತಾನೂ ಕೊಂಡ. ಅದೂ ಕೆಂಪು ಬಣ್ಣದಲ್ಲಿ. ನಾನು ಕೊಳ್ಳುವಾಗ ಕೆಂಪು ಸಿಗಲಿಲ್ಲವೆಂದು ಬೂದಿ ಬಣ್ಣಕ್ಕೆ ಒಪ್ಪಿಕೊಂಡು, ಬೂದಿಯೇ ಗಂಭೀರವಾದ ಬಣ್ಣವೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಬಣ್ಣವನ್ನು ನಾನು ಕ್ಷಮಿಸಿದೆ. ಇಂಟರ್‌ಕೂಲರನ್ನು ಕ್ಷಮಿಸುವುದಾಗಲಿಲ್ಲ.

ತಿಳಿಯದವರಿಗೆ ಒಂದು ಮಾತು. ಟರ್ಬೊ ಎಂಬುದು ಗಾಳಿಯನ್ನು ಅದುಮಿ ಎಂಜಿನ್ನಿಗೆ ತಳ್ಳುವ ಯಂತ್ರ. ಅದುಮಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಪಂಪು ಹೊಡೆದವರಿಗೆ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಕಾದ ಗಾಳಿಯಿಂದ ಎಂಜಿನ್ನು ಸೊರಗುತ್ತದೆ. ಆ ಗಾಳಿಯನ್ನು ಆರಿಸಿ ಒಳಗೆ ಬಿಡುವ, ರೇಡಿಯೇಟರಿನಂಥ ಪಕಳೆಗಳ ಪೆಟ್ಟಿಗೆಯೇ ಇಂಟರ್‌ಕೂಲರ್. ಕಂಪನಿಯವರು ಕಾರಿನಲ್ಲಿ ಒಂದನ್ನು ಇಟ್ಟೇ ಕೊಟ್ಟಿರುತ್ತಾರೆ. ಅದು ಸಾಲದು ಎನ್ನುವವರು ಹೊರಗೆ ಇನ್ನೂ ದೊಡ್ಡದನ್ನು ಹಾಕಿಸಿಕೊಳ್ಳುತ್ತಾರೆ. ಷಡ್ಡಕ ಹಾಕಿಸಿಕೊಂಡದ್ದು ಕಾರಿನ ಮುಂದಿನ ಜಾಳಿಯನ್ನೆಲ್ಲ ತುಂಬಿಕೊಂಡು, ಬೆಳ್ಳಿಯ ಹಲ್ಲು ಕಿಸಿದು ನಿಲ್ಲುವಂಥದ್ದು. ಪುಣೆಯ ಮಗರಪಟ್ಟಾದ ಅವರ ಸೊಸೈಟಿಯ ವಾಚ್‌ಮನ್ ಕೂಡ ಅದಕ್ಕೆ ಒಂದು ಸಲಾಮು ಹೆಚ್ಚು ಹೊಡೆಯುತ್ತಿದ್ದ.

ಅಲ್ಲಿಯವರೆಗೂ ಸಹಿಸಬಹುದಿತ್ತು. ಆದರೆ ಜೇಜುರಿ ಬಂತು.

ನಮ್ಮ ಮಾವನವರ ಮನೆದೇವರು ಮೈಲಾರ. ಧಾರವಾಡ ಬಿಟ್ಟು ಪುಣೆಗೆ ಬಂದಮೇಲೆ ಜೇಜುರಿಯ ಖಂಡೋಬಾನೇ ಮೈಲಾರ, ಆತನಿಗೆ ವರ್ಷಕ್ಕೊಮ್ಮೆ ಹಾಜರಿ ಕೊಡಲೇಬೇಕು. ಹೋಗುವಾಗ ಮಾವನವರು ಕೂರುವುದು ಹಿರಿಯ ಅಳಿಯನ ಗಾಡಿಯ ಮುಂದಿನ ಸೀಟಿನಲ್ಲಿ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಸೂರ್ಯ ಮೂಡಣದಲ್ಲಿ ಹುಟ್ಟಬೇಕೆಂದು ಬರೆದಿಟ್ಟಿಲ್ಲದ ಹಾಗೆ. ಮದುವೆಯಾದಂದಿನಿಂದ ಆ ಸೀಟು ನನ್ನ ಎಡಕ್ಕಿತ್ತು. ಹೋದ ವರ್ಷ ಮಾವನವರು ನನ್ನ ಬೂದಿ ಗಾಡಿಯ ಬಾಗಿಲಿನವರೆಗೂ ಬಂದರು, ಹಿಂತಿರುಗಿ ಕೆಂಪು ಗಾಡಿಯನ್ನು ನೋಡಿದರು.

"ಅಳಿಯಂದಿರs, ತಪ್ಪ ತಿಳ್ಕೋಬ್ಯಾಡ್ರಿ. ಬಿಸಲು ಭಾಳ ಅದ. ಅವರ ಗಾಡಿಗೆ ದೊಡ್ಡ ಕೂಲರ್ ಹಾಕಿಸ್ಯಾರಂತ. ತಂಪಾಗಿ ಹೋಗ್ತೀನಿ."

"ಮಾವಾರ, ಅದು ಕೂಡೋವ್ರಿಗಲ್ರಿ, ಎಂಜಿನ್ನಿಗೆ" ಎಂದೆ.

"ಎಂಜಿನ್ನಿಗೇ ಅಷ್ಟ ತಂಪ ಮಾಡ್ಯಾರಂದ್ರ, ಮನಶ್ಯಾರಿಗೆ ಎಷ್ಟ ಮಾಡಿರಬಾರದು!"

ಷಡ್ಡಕ ಸುಳ್ಳು ಹೇಳಲಿಲ್ಲ. ಅವನು ಒಳಗೆ ಕೂತು ಏಸಿಯನ್ನು ಇನ್ನಷ್ಟು ಇಳಿಸಿದ, ಅಷ್ಟೇ. ಆ ಇಡೀ ದಾರಿ ನನ್ನ ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಹೆಂಡತಿ ಪಕ್ಕದಲ್ಲಿ ಕೂರುವುದು ಅವಮಾನವೆಂದು ನಾನು ಹೇಳುತ್ತಿಲ್ಲ. ಆದರೆ ಅವಳೇ ಹೇಳಿದಳು: "ಮಾರಿ ಸ್ವಲ್ಪ ನೆಟ್ಟಗ ಇಟ್ಕೋರಿ. ಎದುರಿಗೆ ಬರೂ ಲಾರಿಯವರು ಹೆದರ್ತಾರ."

ಈ ವರ್ಷದ ಜೇಜುರಿಗೆ ಮುಂಚೆ ಆ ಸೀಟನ್ನು ಮರಳಿ ಪಡೆಯಬೇಕೆಂದು ನಿಶ್ಚಯಿಸಿದೆ. ಹಿಂಜವಾಡಿಯಲ್ಲಿ ನನ್ನ ಆಫೀಸು. ಮನೆಗೆ ಬರುವ ದಾರಿಯಲ್ಲಿ ಇಂಥ ಕಾರುಗಳಿಗೆ ಬಲ ತುಂಬುವ ಒಂದು ವರ್ಕ್‌ಶಾಪು. ಷಡ್ಡಕ ಕೂಲರ್ ಹಾಕಿಸಿಕೊಂಡದ್ದೂ ಅಲ್ಲೇ. ನಡೆಸುವವಳು ಇಂಜಿನಿಯರಿಂಗ್ ಓದಿದ ಮರಾಠಿ ಹುಡುಗಿ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನನ್ನನ್ನು ಅವಳು 'ಕಾಕಾ' ಎಂದಳು. ಷಡ್ಡಕನನ್ನು 'ದಾದಾ' ಎನ್ನುತ್ತಾಳೆಂದು ಆಮೇಲೆ ತಿಳಿಯಿತು. ಅಂದರೆ ನಾನು ಚಿಕ್ಕಪ್ಪ, ಅವನು ಅಣ್ಣ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ.

"ಗಾಡಿ ಎಲ್ಲಿ ಓಡಿಸುತ್ತೀರಿ, ಕಾಕಾ?"

"ಹಿಂಜವಾಡಿ ಟ್ರಾಫಿಕ್ಕಿನಲ್ಲಿ."

"ಅಲ್ಲಿ ಓಡಿಸುವುದಿಲ್ಲ, ನಿಲ್ಲಿಸಿಕೊಂಡಿರುತ್ತೀರಿ. ಕಂಪನಿಯದೇ ಸಾಕು."

"ಇಲ್ಲ. ವರ್ಷಕ್ಕೊಮ್ಮೆ ಜೇಜುರಿಗೆ ದಿವೇ ಘಾಟ್ ಹತ್ತುವುದಿದೆ" ಎಂದೆ, ಹಿಮಾಲಯ ಹತ್ತುವವನ ಧ್ವನಿಯಲ್ಲಿ.

ಅವಳು ಎರಡನ್ನು ತಂದು ಬೆಂಚಿನ ಮೇಲಿಟ್ಟಳು. ಒಂದು ಬೆಳ್ಳಿಯಂತೆ ಹೊಳೆಯುವ ಭಾರೀ ಗಾತ್ರದ್ದು. ಎತ್ತಿ ನೋಡಿದೆ, ರುಬ್ಬುವ ಕಲ್ಲಿನಷ್ಟು ತೂಕ. ಇನ್ನೊಂದು ಹಗುರ, ಕಪ್ಪು. ಕಂಪನಿಯದು ಕೂರುವ ಜಾಗದಲ್ಲೇ, ಜಾಳಿಯ ಹಿಂದೆ ಅಡಗಿ ಕೂರುವಂಥದ್ದು. ದೊಡ್ಡದು ಬಹಳ ಹೊತ್ತು ಬಿಸಿಯನ್ನು ತಡೆದುಕೊಳ್ಳುತ್ತದೆ, ಆದರೆ ಒಮ್ಮೆ ಕಾದರೆ ಆರುವುದು ನಿಧಾನ. ಅದರ ಹೊಟ್ಟೆಯನ್ನು ತುಂಬಿಸಿಯೇ ಗಾಳಿ ಎಂಜಿನ್ನಿಗೆ ಹೋಗಬೇಕಾದ್ದರಿಂದ ಕಾಲೊತ್ತಿದ ಕೂಡಲೇ ಗಾಡಿ ಏಳುವುದಿಲ್ಲ. ಹಿಂದಿನ ರೇಡಿಯೇಟರಿಗೆ ಬರುವ ಗಾಳಿಗೂ ಅದು ಅಡ್ಡ. ಚಿಕ್ಕದು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಗಾಡಿ ಚುರುಕಾಗಿರುತ್ತದೆ. ಇದನ್ನೆಲ್ಲ ನಾನು ಶ್ರದ್ಧೆಯಿಂದ ಕೇಳಿಸಿಕೊಂಡು, ಮುಖ್ಯವಾದುದನ್ನು ಕೇಳಿದೆ: "ಕೆಂಪು ಗಾಡಿಗೆ ಹಾಕಿದ್ದು ಯಾವುದು?"

"ಈ ದೊಡ್ಡದು."

"ಇದಕ್ಕಿಂತ ದೊಡ್ಡದು?"

"ಇದಕ್ಕಿಂತ ದೊಡ್ಡದು ಟ್ರಕ್ಕಿಗೆ ಬರುತ್ತದೆ, ಕಾಕಾ. ನಿಮಗೆ ಹೊರಗೆ ಕಾಣಬೇಕೋ, ಒಳಗೆ ಕೆಲಸ ಮಾಡಬೇಕೋ?"

ಎರಡೂ ಆಗದೇ ಎಂದು ಕೇಳುವ ಧೈರ್ಯವಾಗಲಿಲ್ಲ. ನಾನು ಆ ದೊಡ್ಡದನ್ನೇ ಹಾಕಿಸಿಕೊಂಡರೆ ಅವನಿಗೆ ಸಮನಾಗುತ್ತೇನೆ, ಹೆಚ್ಚಾಗುವುದಿಲ್ಲ. ಮೇಲಾಗಿ ಜನ ನನ್ನನ್ನು ನಕಲು ಎನ್ನುತ್ತಾರೆ. ಕಾರು ನಕಲು ಮಾಡಿದವನು ಅವನು ಎಂಬುದು ಯಾರ ನೆನಪಿನಲ್ಲಿ ಉಳಿದಿದೆ? ಆಗ ನನ್ನ ಹೊಟ್ಟೆಕಿಚ್ಚು ಪಂಚೆ ಬದಲಿಸಿ, ಶಾಲು ಹೊದ್ದು, ವಿವೇಕದ ವೇಷದಲ್ಲಿ ಎದುರಿಗೆ ಬಂದು ನಿಂತಿತು. ಘಾಟಿನಲ್ಲಿ ಅವನನ್ನು ಹಿಂದೆ ಹಾಕಿದರಾಯಿತು, ಮಾವನವರು ಕಣ್ಣಾರೆ ಕಾಣಲಿ. ಕಪ್ಪನೆಯದನ್ನು ಆರಿಸಿದೆ.

ಹೊರಡುವ ದಿನ ಬೆಳಿಗ್ಗೆ ಎರಡೂ ಗಾಡಿಗಳು ಮಾವನವರ ಮನೆಯ ಮುಂದೆ ನಿಂತವು. ಮಾವನವರು ಹಿಂದಿನ ಸಲ ಜೇಜುರಿಯಿಂದ ತಂದ ಭಂಡಾರದ, ಅಂದರೆ ದೇವರ ಅರಿಸಿನ ಪುಡಿಯ, ಚೀಲ ಹಿಡಿದು ಬಂದರು. ಕೂಲರ್ ಬಂದು ವರ್ಷವಾದರೂ ಅದಕ್ಕೆ ಪೂಜೆಯೇ ಆಗಿಲ್ಲವೆಂದು ಅವರಿಗೆ ಈಗ ಹೊಳೆದಿತ್ತು. ಕೆಂಪು ಗಾಡಿಯ ಮುಂದೆ ತೆಂಗಿನಕಾಯಿ ಒಡೆದರು. ನೀರನ್ನು ಬೆಳ್ಳಿ ಹಲ್ಲುಗಳ ಮೇಲೆ ಸುರಿದರು. ಆ ಒದ್ದೆಯ ಮೇಲೆ, "ಯಳಕೋಟ ಯಳಕೋಟ, ಜಯ ಮಲ್ಹಾರ!" ಎನ್ನುತ್ತ ಮುಷ್ಟಿ ಮುಷ್ಟಿ ಭಂಡಾರ ಎರಚಿದರು. ನೋಡನೋಡುತ್ತ ಪಕಳೆಗಳ ಸಂದಿಯೆಲ್ಲ ಝುಣಕದ ಕಡಲೆಹಿಟ್ಟು ಕಲಸಿ ಮೆತ್ತಿದಂತಾಯಿತು. ಷಡ್ಡಕನ ಮುಖ ಭಂಡಾರವಿಲ್ಲದೆಯೇ ಹಳದಿಯಾಯಿತು. ನಾನು ಕೈಮುಗಿದೆ. ಅಷ್ಟು ಭಕ್ತಿಯಿಂದ ನಾನು ಗುಡಿಯಲ್ಲೂ ಕೈಮುಗಿದಿಲ್ಲ.

"ನಿಮ್ದೂ ಹಾಕಿಸೀರಂತಲ್ರಿ, ಎಲ್ಲಿ ಅದ?" ಎಂದು ಮಾವನವರು ನನ್ನ ಗಾಡಿಯ ಮುಂದೆ ಬಗ್ಗಿ ನೋಡಿದರು. "ಕಾಣಸೂದs ಇಲ್ಲ. ಸಣ್ಣದ ಇರಬೇಕು. ಇರ್ಲಿ ಬಿಡ್ರಿ." ಹೀಗೆ ಹೇಳಿ ಕೆಂಪು ಗಾಡಿಯನ್ನು ಹತ್ತಿದರು.

ದಿವೇ ಘಾಟಿನಲ್ಲಿ ನಾನು ಕಾಲೊತ್ತಿದೆ. ಕಪ್ಪನೆಯದು ಕೊಟ್ಟ ಮಾತನ್ನು ಉಳಿಸಿಕೊಂಡಿತು, ಬೂದಿ ಗಾಡಿ ತಿರುವುಗಳನ್ನು ನುಂಗುತ್ತ ಏರಿತು. ಕನ್ನಡಿಯಲ್ಲಿ ಕೆಂಪು ಚುಕ್ಕೆ ಚಿಕ್ಕದಾಗುತ್ತ ಹೋಯಿತು. ಪಕಳೆಗಳಿಗೆ ಗಾಳಿ ತಾಗದೆ ಅವನ ಎಂಜಿನ್ನು ಕಾದ ಗಾಳಿ ಕುಡಿಯುತ್ತಿರಬೇಕು. ಹಾಗಾದಾಗ ಕಾರಿನ ಕಂಪ್ಯೂಟರು ತಾನಾಗಿಯೇ ಬಲವನ್ನು ಇಳಿಸುತ್ತದೆ. ಘಾಟಿನ ತುದಿಯ ಕಬ್ಬಿನ ಹಾಲಿನ ಅಂಗಡಿಯಲ್ಲಿ ನಾವು ಕುಡಿದು ಮುಗಿಸಿದ ಮೇಲೆ ಅವರು ಬಂದರು. ನಾನು ಮೊದಲೇ ನನ್ನ ಗಾಡಿಯ ಎಡಬಾಗಿಲನ್ನು ತೆರೆದು ನಿಂತಿದ್ದೆ.

ಮಾವನವರು ನಗುನಗುತ್ತ ಇಳಿದರು.

"ಏನ್ ಛಂದ ಹತ್ತತದ್ರೀ ಇವರ ಗಾಡಿ! ಒಂದ ಜರ್ಕಿಲ್ಲ, ಗಡಿಬಿಡಿ ಇಲ್ಲ. ಭಂಡಾರ ಬಿದ್ದಮ್ಯಾಲ ಎಷ್ಟ ಸಮಾಧಾನ ಬಂದದ ನೋಡ್ರಿ ಅದಕ್ಕ. ನಿಮ್ದು ಯಾಕ್ರಿ ಹಂಗ ಬೆದರಿದ ಹೋರಿಗತೆ ಓಡ್ತು? ಏನಾರ ಕೆಟ್ಟದನು?"

ಷಡ್ಡಕ ನೆಲ ನೋಡಿದ. ಹೆಂಡತಿ ಖಾಲಿ ಗ್ಲಾಸಿನೊಳಗೆ ನೋಡಿದಳು. ನಾನು ತೆರೆದ ಬಾಗಿಲನ್ನು ಮೆಲ್ಲಗೆ ಮುಚ್ಚಿದೆ.

ಜೇಜುರಿಯಲ್ಲಿ ದರ್ಶನ ಮುಗಿಸಿ ಮೆಟ್ಟಿಲಿಳಿಯುವಾಗ ಎಲ್ಲರಿಗಿಂತ ದೊಡ್ಡ ಭಂಡಾರದ ಪೊಟ್ಟಣ ಕೊಂಡವನು ನಾನೇ. ಗಾಡಿಯ ಬಳಿ ಬಂದು ಜಾಳಿಯ ಮೇಲೆ ನೀರಿನ ಬಾಟಲಿಯನ್ನು ಪೂರ್ತಿ ಸುರಿದೆ.

"ಮಾವಾರ, ನಮ್ಮ ಗಾಡಿಗೂ ನಿಮ್ಮ ಕೈಲೆ ಆಗಲ್ರಿ."

"ಅದು ಒಳಗ ಅದಲ್ರೀ, ಮುಟ್ಟತದನು?"

"ಮುಟ್ಟೂಹಂಗ ಹೊಡೀರಿ."

ಹೊಡೆದರು. ಅರ್ಧ ಜಾಳಿಯ ಒಳಗೆ ಹೋಯಿತು, ಅರ್ಧ ನನ್ನ ಶರ್ಟಿನ ಮೇಲೆ ಬಿತ್ತು. ಮಾವನವರು ಕೈ ಝಾಡಿಸಿ, "ಬರೂವಾಗ ಅವರ ಗಾಡ್ಯಾಗ ಬಂದೆ, ಹೋಗೂವಾಗ ನಿಮ್ಮ ಗಾಡ್ಯಾಗ ಬರ್ತೀನಿ. ಇಬ್ರೂ ಅಳಿಯಂದಿರs ಅಲ್ರಿ?" ಎಂದು ನನ್ನ ಎಡಕ್ಕೆ ಬಂದು ಕೂತರು. ಸಾಸವಡ ದಾಟುವವರೆಗೆ ನನ್ನಷ್ಟು ಸುಖಿ ಪುಣೆ ಜಿಲ್ಲೆಯಲ್ಲಿ ಇರಲಿಲ್ಲ. ಆಮೇಲೆ ಅವರು ಏಸಿಯ ಕಿಂಡಿಗೆ ಅಂಗೈ ಹಿಡಿದು ನೋಡಿ, ಮಗ್ಗುಲಿಗೆ ತಿರುಗಿ, ಯಾರ ಮನಸ್ಸೂ ನೋಯದಂತೆ ಹೇಳಿದರು:

"ತಂಪ ಅದರೀ. ಆದ್ರ ಅಲ್ಲೀದು ಬ್ಯಾರೆ."

ಮೊನ್ನೆ ಎಣ್ಣೆ ಬದಲಿಸಲು ವರ್ಕ್‌ಶಾಪಿಗೆ ಹೋದಾಗ ಆ ಹುಡುಗಿ ಬಂಪರಿನೊಳಗೆ ಟಾರ್ಚು ಬಿಟ್ಟು, "ಕಾಕಾ, ಒಳಗೆಲ್ಲ ಹಳದಿ ಗಟ್ಟಿ ಕೂತಿದೆ. ಇದನ್ನು ತೊಳೆಯದಿದ್ದರೆ ಹಾಕಿಸಿಕೊಂಡು ಏನು ಪ್ರಯೋಜನ? ದಾದಾ ಆವತ್ತೇ ಬಂದು ತೊಳೆಸಿಕೊಂಡು ಹೋದರು" ಎಂದಳು.

"ಅವನು ತೊಳೆಸಿಕೊಂಡನೇ?" ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಆಮೇಲೆ ನನ್ನದಕ್ಕೆ ಯಾರೂ ಪೈಪು ಹಿಡಿಯಕೂಡದೆಂದು ಹೇಳಿದೆ. ಮುಂದಿನ ವರ್ಷ ಘಾಟು ಹತ್ತುವಾಗ ಸಮಾಧಾನ ಯಾರ ಗಾಡಿಯಲ್ಲಿರುತ್ತದೆಂದು ನೋಡೋಣ.