ಮೊಳೆಯಲ್ಲೇ ಉಳಿದ ಬಿಲ್ಲೆ

ದೆವ್ವ ಭೂತದ ಮಾತು ಬಂದರೆ ಎದ್ದು ಹೋಗುವವಳು ನಾನು. ಕಟ್ಟಡ ದುರಸ್ತಿಯ ಇಂಜಿನಿಯರ್. ಗೋಡೆ ಬಿರುಕು ಬಿಟ್ಟರೆ ಕಾರಣ ಹುಡುಕುವುದೇ ನನ್ನ ಕಸುಬು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನಂಬುವುದು ಬಿಡುವುದು ನಿಮ್ಮಿಷ್ಟ.

ಕೆಲವು ವರ್ಷಗಳ ಹಿಂದೆ ಊರಿಗಾಂನಲ್ಲಿ ಚಿನ್ನದ ಗಣಿ ಕಂಪನಿಯ ಕಾಲದ ಕಟ್ಟಡವೊಂದರ ಕೆಲಸ ನನ್ನ ಪಾಲಿಗೆ ಬಂತು. ಈಗ ಅದು ಸರ್ಕಾರಿ ಕಚೇರಿ. ಬಂಗಾರಪೇಟೆಯಿಂದ ದಿನಾ ಬೆಳಗಿನ ರೈಲಿಗೆ ಹೋಗುತ್ತಿದ್ದೆ. ಎತ್ತರದ ಕಂಬಗಳ ಮೇಲೆ, ಕಟ್ಟಡದ ನೆತ್ತಿಯಲ್ಲಿ, ಗ್ರೀಕರ ದೇವತೆಯಂಥ ಬಿಳಿ ಕಲ್ಲಿನ ಹೆಂಗಸು. ಬಲಗೈಯಲ್ಲಿ ದೀಪ, ಎಡಗೈ ಮುಂದಕ್ಕೆ ಚಾಚಿದೆ. ಕಂಪನಿಯವರು ಹಡಗಿನಲ್ಲಿ ತರಿಸಿದ್ದರಂತೆ. ಊರವರಿಗೆ ಆಕೆ ದೀಪದಮ್ಮ. ಎಡಗೈ ಮಾತ್ರ ಗಾರೆಯದು. ಹಿಂದೊಮ್ಮೆ ಗಣಿಯೊಳಗೆ ಬಂಡೆ ಸಿಡಿದು ನೆಲ ನಡುಗಿದಾಗ ಅಸಲಿ ಕೈ ಮುರಿದು ಬಿದ್ದಿತ್ತು. ಹೊಸದನ್ನು ಮಾಡಿದವನು ನಮ್ಮ ಮೇಸ್ತ್ರಿ ಮುನಿಯಪ್ಪನ ತಾತ.

ಮುನಿಯಪ್ಪನದು ಒಂದು ಪದ್ಧತಿ. ಕೆಲಸಕ್ಕೆಂದು ಕಟ್ಟಿದ ಮರದ ಸಾರುವೆ ಹತ್ತುವವರೆಲ್ಲ ಕೆಳಗೆ ಗೋಡೆಗೆ ಹೊಡೆದ ಹಲಗೆಯ ಮೊಳೆಗೆ ತಮ್ಮ ನಂಬರಿನ ತಗಡಿನ ಬಿಲ್ಲೆ ತಗುಲಿಸಬೇಕು, ಇಳಿದ ಮೇಲೆ ತೆಗೆದುಕೊಳ್ಳಬೇಕು. ಗಣಿಯಲ್ಲಿ ಹಾಗಿತ್ತಂತೆ, ಬಿಲ್ಲೆ ಮೊಳೆಯಲ್ಲಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ. ಆರು ಜನಕ್ಕೆ ಇಷ್ಟೊಂದು ಶಾಸ್ತ್ರವೇ ಎಂದು ನಾನು ಚುಡಾಯಿಸುತ್ತಿದ್ದೆ.

ಒಂದು ಮಧ್ಯಾಹ್ನ ಮುನಿಯಪ್ಪ ಸಿಮೆಂಟಿಗೆಂದು ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದ. ವಿಗ್ರಹದ ಅಂಗೈಯ ಗಾರೆ ಕೆರೆಯುತ್ತಿದ್ದ ಆಳು ಒಳಗೆ ಸಿಕ್ಕಿತೆಂದು ಹಿತ್ತಾಳೆಯ ಹಳೇ ಬಿಲ್ಲೆಯೊಂದನ್ನು ತಂದುಕೊಟ್ಟ. ಒರೆಸಿದೆ. ಎಲ್ಲಿಡುವುದೆಂದು ತೋಚದೆ ಹಲಗೆಯಲ್ಲಿ ಖಾಲಿಯಿದ್ದ ಮೊಳೆಗೆ ತಗುಲಿಸಿಬಿಟ್ಟೆ.

ಸಂಜೆ ಆಳುಗಳು ಇಳಿದು ಮನೆಗೆ ಹೋದರು. ಮುನಿಯಪ್ಪ ಹಲಗೆ ನೋಡಿದವನೇ ಬಿಳಿಚಿಕೊಂಡ. ಅವನ ತಾತನ ತಮ್ಮ ಗಣಿಗಿಳಿದವನು ಮೇಲೆ ಬರಲೇ ಇಲ್ಲವಂತೆ. ಹೆಣವೂ ಸಿಗಲಿಲ್ಲ. ಗಣಿಯ ಹಲಗೆಯಲ್ಲಿ ಅವನ ಬಿಲ್ಲೆ ನೇತಾಡುತ್ತಿದ್ದಷ್ಟು ದಿನವೂ ಆ ಮಗನ ತಾಯಿ ಅದರ ಮುಂದೆ ಬಂದು ಕೂರುತ್ತಿದ್ದಳು. ನೋಡಲಾರದೆ ತಾತ ಅದನ್ನು ಕದ್ದು ತಂದು ದೀಪದಮ್ಮನ ಕೈಯೊಳಗೆ ಮುಚ್ಚಿದ್ದ. ತಗುಲಿಸಿದವಳು ನಾನು, ತೆಗೆದರಾಯಿತು ಎಂದೆ.

“ನೀವು ತಗುಲಾಕಿದ್ರೂ ಅಷ್ಟೇ ಮೇಡಮ್. ಬಿಲ್ಲೆ ಐತೆ ಅಂದ್ರೆ ಆಳು ಒಳ್ಗವ್ನೆ. ಬಿಟ್ಟು ಎಂಗೆ ಓಗೋದು? ಒಂದ್ಸಲ ನೋಡ್ಕೊಂಡು ಬತ್ತೀನಿ.”

ತನ್ನ ಒಂದನೇ ನಂಬರಿನ ಬಿಲ್ಲೆ ತಗುಲಿಸಿ ಹತ್ತಿದ. ನಾನು ಏಣಿ ಹಿಡಿದು ನಿಂತೆ. ಅವನು ವಿಗ್ರಹದ ಹಿಂದೆ ಮರೆಯಾದ. ಅಷ್ಟರಲ್ಲಿ ಕಾಲ ಕೆಳಗೆ ನೆಲ ಸಣ್ಣಗೆ ನಡುಗಿತು. ಗಣಿ ಮುಚ್ಚಿದ ಮೇಲೂ ಇಲ್ಲಿ ಅದು ಹೊಸದೇನಲ್ಲ. ಆದರೂ ಏಣಿಯನ್ನು ಬಿಗಿಹಿಡಿದೆ. ಅವನ ಹೆಸರು ಹಿಡಿದು ಮೂರು ಸಲ ಕೂಗಿದೆ.

ಬಹಳ ಹೊತ್ತಾದ ಮೇಲೆ ಮುನಿಯಪ್ಪ ಇಳಿದು ಬಂದ. ಅದೇ ಅಂಗಿ, ಅದೇ ಸುಣ್ಣ ಮೆತ್ತಿದ ಲುಂಗಿ. ನನಗೆ ಅಳುವೇ ಬಂತು. ಅವನು ನೇರ ಹಲಗೆಯ ಹತ್ತಿರ ಹೋಗಿ ಹಿತ್ತಾಳೆಯ ಬಿಲ್ಲೆಯನ್ನು ತೆಗೆದು ಜೇಬಿಗಿಟ್ಟುಕೊಂಡ. ಒಂದನೇ ನಂಬರಿನದು ಅಲ್ಲೇ ಇತ್ತು. ನಿಮ್ಮ ಬಿಲ್ಲೆ ಎಂದು ಕೂಗಿದೆ. ತಿರುಗಿ ನೋಡದೆ ಹೊರಟುಹೋದ.

ಮರುದಿನ ಕೆಲಸಕ್ಕೆ ಬಂದ. ಕೈಕೆಲಸವೇನೋ ಅದೇ, ಮಾತು ಮಾತ್ರ ಹೆಚ್ಚುಕಡಿಮೆ ನಿಂತುಹೋಗಿತ್ತು. ಬಿಲ್ಲೆ ನೆನಪಿಸಿದರೆ, ಅದು ತನ್ನದಲ್ಲ ಎಂದ.

ತಿಂಗಳಾದ ಮೇಲೆ ಅವನ ಹೆಂಡತಿ ಲಕ್ಷ್ಮಮ್ಮ ಬುತ್ತಿ ತಂದವಳು ಹಲಗೆಯ ಮುಂದೆ ನಿಂತುಬಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: “ಅವ್ರ ಬಿಲ್ಲೆ ಇನ್ನೂ ಇಲ್ಲೇ ಐತಲ್ಲಮ್ಮಾ. ಅಂಗಾದ್ರೆ ನಮ್ಮನೇಗಿರೋರು ಯಾರು?”

ಹೆದರಿಕೆ, ವಯಸ್ಸು, ಮರೆವು ಎಂದು ಏನೇನೋ ಹೇಳಿದೆ. ಯಾವುದನ್ನೂ ಅವಳು ಒಪ್ಪಲಿಲ್ಲ, ನಾನೂ ಒಪ್ಪಿರಲಿಲ್ಲ. ಸಾರುವೆ ಬಿಚ್ಚಿ ಎಷ್ಟೋ ಕಾಲವಾಯಿತು. ಹಲಗೆ ಮಾತ್ರ ಆ ಕಟ್ಟಡದ ಗೋಡೆಯಲ್ಲಿ ಹಾಗೇ ಇದೆ. ಆ ಒಂದನೇ ನಂಬರಿನ ಬಿಲ್ಲೆ ತೆಗೆಯಲೆಂದೇ ಎರಡು ಸಲ ಹೋಗಿದ್ದೇನೆ. ಕೈ ಏಳಲಿಲ್ಲ. ತೆಗೆದರೆ, ಮೇಲೆ ಯಾರೂ ಉಳಿದಿಲ್ಲ ಎಂದು ನಾನೇ ಹೇಳಿದಂತಾಗುತ್ತದೆ.