ಜವರಾಯನಿಗೆ ಗೊತ್ತಿಲ್ಲದ ಹೆಸರು

ಅದು ಯುದ್ಧದ ಯಾವ ವರ್ಷವೋ. ನನಗೆ ಏಳೋ ಎಂಟೋ. ಕೆಲವು ವಿವರಗಳು ಆಮೇಲೆ ಕೇಳಿ ಸೇರಿಕೊಂಡಿರಬಹುದು. ಮದ್ದೂರಿನ ನಮ್ಮ ಬೀದಿಯ ಸೂಲಗಿತ್ತಿ ಮಾತ್ರ ಸ್ಪಷ್ಟವಾಗಿ ನೆನಪಿದ್ದಾಳೆ. ಯಾವ ಮಗುವಿನ ಹೆಸರು ಹೇಳುವಾಗಲೂ ಬಾಗಿಲ ಕಡೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. "ಮೆಲ್ಲಗೆ ಕಣವ್ವ, ಜವರಾಯನ ಕಿವಿ ಚುರುಕು" ಎನ್ನುತ್ತಿದ್ದಳು.

ನನ್ನ ನಂತರ ಹುಟ್ಟಿದ ಅಮ್ಮನ ಎರಡು ಹೆಣ್ಣುಕೂಸುಗಳು ಹೆಸರಿಟ್ಟ ತಿಂಗಳಲ್ಲೇ ತೀರಿಕೊಂಡಿದ್ದವು. ಮೂರನೆಯದಕ್ಕೆ ತಿಪ್ಪಮ್ಮ ಎಂದಿಡೋಣ, ಸಾವು ಅಸಹ್ಯಪಟ್ಟು ಹೋಗಲಿ ಎಂದಳು ಅಜ್ಜಿ.

"ತಿಪ್ಪಮ್ಮದಿರೂ ಸತ್ತದ್ದ ಕಂಡಿವ್ನಿ ಕಣಮ್ಮ. ಅವ್ನು ಕೇಳೇ ಇಲ್ದಿರೋ ಹೆಸ್ರು ತತ್ತೀನಿ ಬುಡು" ಎಂದಳು ಸೂಲಗಿತ್ತಿ.

ಚಿಕ್ಕಮ್ಮನನ್ನು ಜೊತೆಗೆ ಕರೆದುಕೊಂಡು ಮಂಡ್ಯಕ್ಕೆ ಹೋಗಿ, ಅಲ್ಲಿದ್ದ ಸ್ವೀಡನ್ ದೇಶದ ನರ್ಸಮ್ಮನಿಂದ ಒಂದು ಹೆಸರು ಬರೆಸಿಕೊಂಡು ಬಂದಳು. ಚೀಟಿಯನ್ನು ನಾನೇ ಓದಿದೆ: ಸಿಗ್ರಿಡ್.

"ಬರೀವಾಗ ಆಯಮ್ಮ ಕಣ್ಣೊರಸ್ಕಂತು" ಎಂದಳು ಸೂಲಗಿತ್ತಿ.

ಅಮ್ಮ ತೊಟ್ಟಿಲ ಹಗ್ಗವನ್ನು ಬಿಗಿಯಾಗಿ ಹಿಡಿದಳು. "ಯಾಕಂತೆ?"

ಸೂಲಗಿತ್ತಿ ಆವತ್ತು ಬಾಗಿಲ ಕಡೆ ನೋಡಲಿಲ್ಲ. ಚಿಕ್ಕಮ್ಮನ ಮುಖ ನೋಡಿ, ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತಂಗಿ ಬದುಕಿದ್ದಾಳೆ. ಆದರೂ ಅವಳಿಗೆ ಸ್ವಲ್ಪ ಜ್ವರ ಬಂದರೆ, ಇಷ್ಟು ಓದಿದ ನಾನೂ ಸೆರಗು ಅಡ್ಡ ಹಿಡಿದೇ ಅವಳ ಹೆಸರು ಕರೆಯುತ್ತೇನೆ. ಚಿಕ್ಕಮ್ಮನನ್ನು ಎರಡು ಸಲ ಕೇಳಿದ್ದೇನೆ: "ನರ್ಸಮ್ಮ ಯಾರನ್ನು ನೆನೆದು ಆ ಹೆಸರು ಬರೆದಳೋ, ಆ ಹುಡುಗಿ ಬದುಕಿದ್ದಳಾ, ಚಿಕ್ಕಮ್ಮ?"