ಅಕ್ಕನ ಮಗ್ಗದ ಕುಣಿ

ಕುಣಿಗೆ ಮಣ್ಣು ಸುರಿಯುವ ಮೊದಲು ಕೆಲಸದವನು ಒಳಗಿನ ಗೂಟದಿಂದ ಒಂದು ಸರಪಳಿ ಬಿಚ್ಚಿ ಕೊಟ್ಟ. ತುಕ್ಕಿನ ವಾಸನೆ ಅಂಗೈಗೆ ಹತ್ತಿತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಕ್ಕ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ ಮಗ್ಗದ ಕುಣಿ ಅದು...

ಎಪ್ಪತ್ತರ ದಶಕದ ಕೊನೆಯ ಮಾತು. ಮರೋಳದ ಕುರಿಗಾರರೊಬ್ಬರು ಅಕ್ಕನಿಗೆ ಬೇಟೆನಾಯಿಯ ಮರಿ ಕೊಟ್ಟಿದ್ದರು. ಅವಳು ನೇಯುವಾಗ ಅದು ಕುಣಿಯೊಳಗೆ ಅವಳ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಅವಳು ಬಾದಾಮಿಗೆ ಮದುವೆಯಾಗಿ ಹೋದ ಮೇಲೆ ನಾಯಿ ನನ್ನ ಪಾಲಿಗೆ ಬಂತು. ಸಾಲೆ ಬಿಟ್ಟು ನೂಲು ಸುತ್ತುತ್ತಿದ್ದ ನನಗೆ ಅದರಿಂದಲಾದರೂ ಓಣಿಯಲ್ಲಿ ಹೆಸರು ಬರಲಿ ಎಂಬ ಆಸೆ. ಅದೋ, ಬಂದವರ ಕೈ ನೆಕ್ಕುತ್ತಿತ್ತು.

“ಲೇ, ನಿನ್ನ ನಾಯಿ ಕಳ್ಳಗ ಬಾಗಲಾ ತಗದು, ಚಾ ಕುಡಿಸಿ ಕಳಸ್ತೈತಿ!” ಎಂದು ಗೆಳೆಯರು ನಗುತ್ತಿದ್ದರು.

ಕತ್ತಲಲ್ಲಿ ಕಟ್ಟಿ, ರೊಟ್ಟಿಗೆ ಖಾರ ಹಚ್ಚಿ ಹಾಕಿದರೆ ನಾಯಿ ಕಡಕ್ ಆಗುತ್ತದೆಂಬ ಮಾತು ನಮ್ಮ ಕಡೆ ಇತ್ತು. ಅಕ್ಕನ ಖಾಲಿ ಕುಣಿಯಲ್ಲೇ ಕಟ್ಟಿ ಹಲಗೆ ಮುಚ್ಚಿದೆ. ಅಪ್ಪ ಇಲ್ಲದಾಗ ಕೋಲಿನಿಂದ ತಿವಿದೆ. ಮೊದಮೊದಲು ಬಾಲ ಆಡಿಸುತ್ತಿತ್ತು...

ಪಂಚಮಿಗೆ ಅಕ್ಕ ಬಂದಳು. ಬಂದವಳೇ ಕುಣಿಯೊಳಗೆ ಸರಪಳಿಯ ಸದ್ದು ಕೇಳಿ, ಶೇಂಗಾ ಉಂಡಿ ಹಿಡಿದು, ಹಲಗೆ ಸರಿಸಿ, ಕೈ ಕೆಳಗೆ ಚಾಚಿದಳು. ನಾನು ಬಾಗಿಲಲ್ಲೇ ಇದ್ದೆ. ಬೇಡ ಅನ್ನಬಹುದಿತ್ತು, ಅಂದರೆ ಯಾಕೆಂದು ಕೇಳುತ್ತಿದ್ದಳು. ನಾಯಿ ಕೈ ಕಚ್ಚಿ ಹಿಡಿಯಿತು. ಅಕ್ಕ ಚೀರಿದಳು. ದನಿ ಗುರುತು ಸಿಕ್ಕಿತೇನೋ, ತಟ್ಟನೆ ಬಿಟ್ಟು ಮೂಲೆಗೆ ಸರಿದು ಕುಂಯ್‌ಗುಟ್ಟಿತು.

“ಖರೆ ಹೇಳೋ ತಮ್ಮಾ, ಇದಕ್ಕ ಏನ್ ಮಾಡಿದಿ?” ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಕೇಳಿದಳು.

“ನಾ ಏನೂ ಮಾಡಿಲ್ಲ. ಬ್ಯಾಟಿ ತಳಿ, ಅದರ ರಕ್ತದಾಗ ಐತಿ.”

ಅಪ್ಪ ನಂಬಿದ. ಓಣಿಯೂ ನಂಬಿತು. ಅಕ್ಕ ಬಾಗಲಕೋಟೆಯ ದವಾಖಾನೆಯಿಂದ ಬರುವಷ್ಟರಲ್ಲಿ ನಾಯಿಯನ್ನು ಹುನಗುಂದ ರಸ್ತೆಯಾಚೆ ಒಯ್ದು ಹೊಡೆದು ಹಾಕಿದ್ದರು. ಅವಳ ಬಲಗೈಯ ಬೆರಳು ಮತ್ತೆ ಮಡಚಲಿಲ್ಲ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದರಲ್ಲಿ ಅವಳಷ್ಟು ಚುರುಕಿನವರು ಓಣಿಯಲ್ಲಿರಲಿಲ್ಲ. ಅದು ಅಲ್ಲಿಗೇ ನಿಂತಿತು.

ಆಮೇಲೂ ಪಂಚಮಿಗೆ ತಪ್ಪದೆ ಬಂದಳು. ಮತ್ತೆ ಕೇಳಲಿಲ್ಲ. ಉಂಡಿಯನ್ನು ಮಾತ್ರ ಎಡಗೈಯಿಂದ ಕೊಡುತ್ತಿದ್ದಳು... ನಾನು ಇಸಿದುಕೊಂಡು ತಿನ್ನುತ್ತಿದ್ದೆ. ಹೋದ ವರ್ಷ ತೀರಿಕೊಂಡಳು.

“ನಾಯಿ ಸಾಕಿದ್ರೇನ್ರಿ?” ಸರಪಳಿ ನೋಡಿ ಕೆಲಸದವನು ಕೇಳಿದ.

“ನಮ್ಮಕ್ಕ ಸಾಕಿದ್ಲು,” ಅಂದೆ.

ಕಟ್ಟಿದವರು ಯಾರೆಂದು ಅವನು ಕೇಳಲಿಲ್ಲ. ಕುಣಿಗೆ ಮಣ್ಣು ಬೀಳತೊಡಗಿತು.